ಹೆಣ್ಣಾಳಿನ ಅರ್ಧ ದಿನ

ಹುಡುಗ ಮೊದಲ ದಿನವೇ ನನ್ನ ಕೈ ಕಚ್ಚಿದ್ದ. ಕೊಪ್ಪದ ಆ ಮನೆಯಲ್ಲಿ ನನ್ನ ಕೆಲಸ ಇಷ್ಟೇ: ಸ್ಕೂಲ್ ವ್ಯಾನ್ ಬಂದಾಗ ಎರಡನೇ ಕ್ಲಾಸಿನ ಅವನನ್ನೂ ಎಲ್‌ಕೆಜಿಯ ಅವನ ತಂಗಿಯನ್ನೂ ಇಳಿಸಿಕೊಳ್ಳುವುದು, ಅಪ್ಪ ಪಕ್ಕದ ನಾರ್ವೆ ಊರಿನ ತೋಟದಿಂದ, ಅಮ್ಮ ಶೃಂಗೇರಿಯ ಆಫೀಸಿನಿಂದ ಬರುವವರೆಗೆ ಇಬ್ಬರನ್ನೂ ಜೀವಸಹಿತ ಇಡುವುದು. ತಮಾಷೆಗೆ ಹೇಳುತ್ತಿಲ್ಲ. ಸಿಟ್ಟು ಬಂದರೆ ಅವನ ಕೈಗೆ ಸಿಕ್ಕಿದ್ದೆಲ್ಲ ತಂಗಿಯ ತಲೆಗೆ ಹೋಗುತ್ತಿತ್ತು. ನೀರಿನ ಬಾಟಲಿ, ಶೂ, ಒಮ್ಮೆ ಮಿಕ್ಸಿಯ ಜಾರ್.

ಇಂಥ ಮಕ್ಕಳು ನನಗೆ ಹೊಸಬರಲ್ಲ. ಮದುವೆಗೆ ಮೊದಲಿನಿಂದಲೂ ನಾನು ಮಾಡಿಕೊಂಡು ಬಂದದ್ದು ಇದೇ ಕೆಲಸ. ವ್ಯಾನಿನಿಂದ ಇಳಿದ ಕೂಡಲೇ ಇವನನ್ನು ಏನೂ ಕೇಳಬಾರದು, ಮೊದಲು ಹೊಟ್ಟೆಗೆ ಹಾಕಬೇಕು. ಸಿಟ್ಟು ಏರಿದಾಗ ಎದುರು ನಿಲ್ಲಬಾರದು, ನೆಲಕ್ಕೆ ಕೂತುಬಿಡಬೇಕು. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ, ಏಟು ತಿಂದು ಕಲಿತೆ.

ಸಂಬಳ ಗೊತ್ತುಮಾಡಿದ್ದು ಹುಡುಗನ ಅಪ್ಪ. "ತೋಟಕ್ಕೆ ಬರೋ ಹೆಣ್ಣಾಳಿಗೆ ಕೊಡೋದರ ಅರ್ಧ. ನೀನು ಬರೋದು ಮಧ್ಯಾಹ್ನದ ಮೇಲಲ?" ಎಂದರು. ನಮ್ಮ ಕಡೆ ಹೆಣ್ಣಾಳಿಗೆ ಒಂದೇ ದರ. ನಿನ್ನೆ ಸೇರಿದವಳಿಗೂ ಅಷ್ಟೇ, ಅದೇ ತೋಟದಲ್ಲಿ ತಲೆ ನರೆತವಳಿಗೂ ಅಷ್ಟೇ. ಅನುಭವ ನೋಡಿ ದುಡ್ಡು ಕೊಡುವುದು ಅಡಿಕೆ ಮರ ಹತ್ತುವ ಕೊನೆಗಾರನಿಗೆ ಮಾತ್ರ. ಅವನನ್ನು ಮುಂಗಡ ಕೊಟ್ಟು, ಜೀಪು ಕಳಿಸಿ ಕರೆಸಿಕೊಳ್ಳುತ್ತಾರೆ.

ಒಂದು ವರ್ಷ ಕಳೆದ ಮೇಲೆ ನಾನೇ ಬಾಯಿಬಿಟ್ಟೆ. ಕೊನೆಗಾರನಿಗೆ ಅನುಭವಕ್ಕೆ ಬೆಲೆ ಕೊಡುವವರು ನನಗೆ ಯಾಕೆ ಕೊಡಬಾರದು ಎಂದು ಕೇಳಿದೆ.

"ಅವ ಬಿದ್ರೆ ಸಾಯ್ತಾನೆ ಮಾರಾಯ್ತಿ. ನಿಂದೆಂತ? ಮಕ್ಕಳು ಅವರ ಪಾಡಿಗೆ ಇರ್ತಾವೆ. ನಾ ದಿನಾ ಬಂದು ನೋಡ್ತೇನಲ, ಮನೆ ತಣ್ಣಗೇ ಇರುತ್ತೆ."

ಮನೆ ತನ್ನಷ್ಟಕ್ಕೆ ತಣ್ಣಗಿರುತ್ತದೆ ಎಂದೇ ನಂಬಿದ್ದರು. ನನ್ನ ಮೈಯೆಲ್ಲ ಉರಿಯಿತು. ನರಸಿಂಹರಾಜಪುರದ ಒಂದು ಮನೆಯವರು ಇದಕ್ಕಿಂತ ಚೆನ್ನಾಗಿ ಕೊಡುತ್ತೇವೆ ಎಂದು ಕರೆಯುತ್ತಲೇ ಇದ್ದರು. ಆದರೆ ನನ್ನ ಜಾಗಕ್ಕೆ ಅದೇ ದರಕ್ಕೆ ಯಾವಳೋ ಹೊಸ ಹುಡುಗಿ ಬಂದರೆ, ಈ ತಂಗಿಯ ತಲೆ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಹೋಗಲೂ ಆಗದೆ ಇರಲೂ ಆಗದೆ ಹಲ್ಲು ಕಚ್ಚಿಕೊಂಡು ಇದ್ದೆ.

ಆಮೇಲಿನ ಒಂದು ಸೋಮವಾರ ತಂಗಿ ಅವನ ಡ್ರಾಯಿಂಗ್ ಹರಿದಳು. ಬೇಲಿ ಸವರಿದ ಕತ್ತಿಯನ್ನು ಅಪ್ಪ ಬೆಳಿಗ್ಗೆ ಜಗಲಿಯಲ್ಲೇ ಬಿಟ್ಟು ಹೋಗಿದ್ದರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಹುಡುಗ ಅದನ್ನು ಎರಡೂ ಕೈಯಲ್ಲಿ ಎತ್ತಿದ್ದ. ಮೊದಲ ಏಟು ಬಾಗಿಲ ಚೌಕಟ್ಟಿಗೆ ಬಿದ್ದು ಚಕ್ಕೆ ಹಾರಿತು. ತಂಗಿ ಬಾಗಿಲ ಹಿಂದೆ ಮುದುಡಿದ್ದಳು. ಕೂಗಿದರೆ ಅವನ ಕೈ ಇನ್ನೂ ಜೋರಾಗುತ್ತದೆ. ನಾನು ಬಾಗಿಲಿಗೆ ಅಡ್ಡ ಕೂತು ಎಡಗೈ ಚಾಚಿ, "ಕೊಡು" ಎಂದೆ. ಅವನು ಬೀಸಿದ. ಅಂಗೈ ಸೀಳಿತು. ಆ ಕೈಯಲ್ಲೇ ಕತ್ತಿ ಕಿತ್ತುಕೊಂಡು ಅಂಗಳಕ್ಕೆ ಎಸೆದೆ, ಅವನನ್ನು ತೊಡೆಯ ಮೇಲೆ ಎಳೆದುಕೊಂಡು ಬಿಗಿಯಾಗಿ ಹಿಡಿದೆ. ಅವನು ಒದ್ದ, ಭುಜ ಕಚ್ಚಿದ, ತಲೆಯಿಂದ ನನ್ನ ಗಲ್ಲಕ್ಕೆ ಗುದ್ದಿದ. ನಾನು ಬಿಡಲಿಲ್ಲ. ಕೊನೆಗೆ ನಡುಗುವುದು ನಿಂತು, "ಹಸಿವು" ಎಂದ. ಕೈಗೆ ಟವೆಲ್ ಸುತ್ತಿಕೊಂಡು ಇಬ್ಬರಿಗೂ ಅವಲಕ್ಕಿ ಕಲಸಿ ಕೊಟ್ಟೆ.

ಅವರು ತಿನ್ನುತ್ತಿರುವಾಗ ಅಪ್ಪ ಬಂದರು. ನೆಲದ ರಕ್ತ ನೋಡಿದರು, ಹುಡುಗನನ್ನು ನೋಡಿದರು, ಸೊಂಟದ ಬೆಲ್ಟ್ ಎಳೆದರು. ಮುಗಿದುಹೋಗಿದೆ, ಈಗ ಮುಟ್ಟಬೇಡಿ ಎಂದು ನಾನು ಬೇಡಿಕೊಂಡೆ. ಅವರ ಕಿವಿಗೆ ಬೀಳಲಿಲ್ಲ. ಬಕಲ್ ಹುಡುಗನ ಬೆನ್ನಿಗೆ ಬಡಿಯಿತು, ತಟ್ಟೆ ಚೆಲ್ಲಿತು, ಮತ್ತೆ ಬಡಿಯಿತು. ನಾನು ಬಲಗೈ ಎತ್ತಿ ಅವರ ಕೆನ್ನೆಗೆ ಬಾರಿಸಿದೆ. ಜೋರಾಗಿಯೇ ಬಾರಿಸಿದೆ. ಅದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಬೆಲ್ಟ್ ಅವರ ಕೈಯಿಂದ ಜಾರಿತು.

ಶೃಂಗೇರಿ ಬಸ್ಸಿನಲ್ಲಿ ಅಮ್ಮ ಬಂದಿಳಿದರು. ಗಂಡ ಹೆಂಡತಿ ಒಳಗೆ ಮಾತಾಡಿದರು. ನಾಳೆಯಿಂದ ಬರಬೇಡ ಎನ್ನುತ್ತಾರೆ ಎಂದುಕೊಂಡು ನಾನು ಚೀಲ ಹೆಗಲಿಗೆ ಹಾಕಿದ್ದೆ. ಅಮ್ಮ ಹೊರಗೆ ಬಂದು ನನ್ನ ಕೈಗೆ ಔಷಧಿ ಹಚ್ಚಿ ಬಟ್ಟೆ ಕಟ್ಟಿದರು. ಆಮೇಲೆ ಹೇಳಿದರು, "ನೀ ಕೇಳಿದಷ್ಟು ಕೊಡ್ತೇವೆ. ನಿನ್ನ ಕೈ ಜೋರಿದೆ, ಇವತ್ತು ಗೊತ್ತಾಯ್ತು. ಅವನಿಗೂ ಹಂಗೇ ಎರಡು ಬಿಟ್ಟು ದಾರಿಗೆ ತಾ. ನಮಗೆ ಪುರುಸೊತ್ತಿಲ್ಲ."

ಅಪ್ಪ ಕೆನ್ನೆ ಸವರಿಕೊಳ್ಳುತ್ತಾ, "ಅದಕ್ಕಾದ್ರೆ ಕೊಡಬಹುದು" ಎಂದರು.

ಇಷ್ಟು ವರ್ಷ ಯಾರ ಮಗುವಿನ ಮೇಲೂ ಕೈ ಎತ್ತದೆ ಕಲಿತದ್ದಕ್ಕೆ ಆ ಮನೆಯಲ್ಲಿ ಬೆಲೆ ಇರಲಿಲ್ಲ. ಒಂದು ಏಟು ಹೊಡೆದ ಕೂಡಲೇ ನಾನು ಅನುಭವಸ್ಥೆಯಾಗಿದ್ದೆ. ನನ್ನ ಕಣ್ಣಲ್ಲಿ ನೀರು ಬಂತು, ಅದು ಗಾಯದ ನೋವಿಗಲ್ಲ. "ಹೊಡೆಯೋದಕ್ಕೆ ಬೇರೆಯವರನ್ನ ನೋಡಿಕೊಳ್ಳಿ" ಎಂದು ಹೇಳಿ ಹೊರಟುಬಿಟ್ಟೆ.

ಹುಡುಗ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಗೇಟಿನವರೆಗೆ ಓಡಿಬಂದು ನನ್ನ ಸೀರೆ ಹಿಡಿದುಕೊಂಡ.

"ಅಕ್ಕ, ನೀ ಹೊಡಿ, ಪರ್ವಾಗಿಲ್ಲ. ಬೆಲ್ಟಿನಷ್ಟು ನೋವಾಗಲ್ಲ ಅದು. ನಾಳೆ ಬಾ."

ಮರುದಿನ ವ್ಯಾನ್ ಬರುವ ಹೊತ್ತಿಗೆ ನಾನು ಗೇಟಿನ ಹತ್ತಿರ ನಿಂತಿದ್ದೆ, ಹಳೆಯ ಸಂಬಳಕ್ಕೆ.