ಗೋದತ್ತಿ ಕೇಳಿದ ಊದುಗೊಳವೆ

ಮೊಮ್ಮಗ ತನ್ನ ಕೋಣೆಯಲ್ಲಿ ಕೂತು ಅಂಗೈಯಗಲದ ವಿಮಾನಕ್ಕೆ ಬಣ್ಣ ಹೊಡೆಯುವಾಗ ಒಂದು ಸಪ್ಪಳ ಬರುತ್ತದೆ. ಸುಸ್ಸ್ ಎಂದು ಶುರುವಾಗಿ, ಬೆರಳು ಎತ್ತಿದೊಡನೆ ಕತ್ತರಿಸಿದ ಹಾಗೆ ನಿಂತುಬಿಡುವ ಸಪ್ಪಳ. ಅದರ ಬೆನ್ನಿಗೇ ಬಣ್ಣದ ಕಮಟು ವಾಸನೆ. ಆ ಗಾಳಿಕುಂಚವನ್ನು ಆರಿಸಲು ಅವನು ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದ. ಯಾವುದರ ಸೂಜಿ ಸಣ್ಣದು, ಯಾವುದರ ಬಟ್ಟಲು ಮೇಲಿದೆ, ಯಾವುದಕ್ಕೆ ಎಂಥ ಪಂಪು ಬೇಕು ಎಂದು ನನ್ನನ್ನೂ ಕೂರಿಸಿಕೊಂಡು ಹೇಳುತ್ತಿದ್ದ. ನಾನು ಹೂಂಗುಟ್ಟುತ್ತಿದ್ದೆ. ನಮ್ಮ ಮನೆಯಲ್ಲೂ ಹಿಂದೊಮ್ಮೆ ಇಂಥದೇ ಆಯ್ಕೆ ನಡೆದಿತ್ತೆಂದು ಅವನಿಗೆ ಹೇಳಲಿಲ್ಲ. ಹೇಳಿದರೆ ಗೋದತ್ತಿಯ ವಿಷಯ ಹೇಳಬೇಕು. ಅದನ್ನು ಹೇಳಹೊರಟರೆ ನನ್ನ ದನಿ ಈಗಲೂ ಒಂದು ಕಡೆ ಬಂದು ತಗ್ಗುತ್ತದೆ.

ಐವತ್ತರ ದಶಕದ ಮಾತು. ಅಪ್ಪ ಬಾದಾಮಿಯ ಸಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ತರ. ಗುಡ್ಡದ ಕೆಳಗಿನ ಓಣಿಯಲ್ಲಿ ನಮ್ಮದು ಬಾಡಿಗೆ ಮನೆ. ಮಧ್ಯಾಹ್ನ ಇಳಿಯುವಾಗ ಬಂಡೆಗೆ ಬಡಿದ ಬೆಳಕು ಪಡಸಾಲೆಗೆ ಬಂದು, ಹಗ್ಗದ ಮೇಲಿನ ಬಿಳಿ ಧೋತರ ಕೂಡ ನಸುಗೆಂಪಾಗಿ ಕಾಣುತ್ತಿತ್ತು. ಅಪ್ಪನಿಗೆ ಗುಡಿಗಳ ಹುಚ್ಚು. ರಜೆಯ ದಿನ ಅಳತೆಯ ಟೇಪು ಹಿಡಿದು ಮಹಾಕೂಟಕ್ಕೆ ನಡೆದು ಹೋಗುತ್ತಿದ್ದ. ಶಿಖರ, ಕಂಬ, ಹೊಂಡದ ಮೆಟ್ಟಿಲು ಎಲ್ಲವನ್ನೂ ಅಳೆದುಕೊಂಡು ಬಂದು, ಆ ಲೆಕ್ಕಕ್ಕೆ ಸರಿಯಾಗಿ ಇಳಿಸಿ, ರಟ್ಟು, ಬೆಂಡು, ಪ್ಲಾಸ್ಟರಿನಲ್ಲಿ ಪುಟ್ಟ ಗುಡಿಗಳನ್ನು ಕಟ್ಟುತ್ತಿದ್ದ. ಆದರೆ ಅವು ಗುಡಿಯಾಗುತ್ತಿದ್ದುದು ಗೋದತ್ತಿಯ ಕೈಗೆ ಹೋದ ಮೇಲೆ.

ಗೋದತ್ತಿ ಅಪ್ಪನ ಅಕ್ಕ. ಗೋದಾವರಿ ಎಂದು ಹೆಸರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿ ತವರಿಗೆ ಬಂದವಳು. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇಂಥ ಅತ್ತೆಯೊಬ್ಬಳು ಇದ್ದಿರಬೇಕು. ಎಲ್ಲರಿಗಿಂತ ಮೊದಲು ಎದ್ದು, ಮಡಿಯಲ್ಲಿ ಅಡಿಗೆ ಮಾಡಿ, ಎಲ್ಲರಿಗೂ ಬಡಿಸಿ, ದಿನಕ್ಕೊಂದೇ ಊಟ ಮಾಡಿ, ಮನೆಯ ಯಾವ ಫೋಟೋದಲ್ಲೂ ಇರದವಳು. ನಮ್ಮ ಗೋದತ್ತಿಗೆ ಮಾತ್ರ ಮಧ್ಯಾಹ್ನಗಳು ಸ್ವಂತವಾಗಿದ್ದವು. ಊಟದ ಎಲೆ ಎತ್ತಿದ ಮೇಲೆ ಕಿಟಕಿಯ ಬಳಿ ಚಾಪೆ ಹಾಸಿ ಕೂರುತ್ತಿದ್ದಳು. ಗುಡ್ಡದಿಂದ ಆರಿಸಿ ತಂದ ಕೆಂಪು ಹರಳನ್ನು ಸಣ್ಣ ಕಲಬತ್ತಿನಲ್ಲಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಅಂಟಿನ ನೀರಿನಲ್ಲಿ ಕಲೆಸಿ, ಅಪ್ಪ ಕಟ್ಟಿದ ಬಿಳಿಯ ಗುಡಿಗಳ ಮೇಲೆ ತೆಳ್ಳಗೆ, ಒಣಗಿಸಿ ಒಣಗಿಸಿ ಹಚ್ಚುತ್ತಿದ್ದಳು. ಬಣ್ಣ ಹಚ್ಚುವಾಗ ಅವಳ ತುಟಿ ತುಸು ತೆರೆದಿರುತ್ತಿತ್ತು. ಆಗ ಅವಳು ಯಾರ ಅಕ್ಕನೂ ಅಲ್ಲ, ಯಾರ ವಿಧವೆಯೂ ಅಲ್ಲ ಎನ್ನಿಸುತ್ತಿತ್ತು. ಹಾಗೆಂದು ಈಗ ಅನ್ನಿಸುತ್ತದೆ. ಆಗ ನಾನು ಚಾಪೆಯ ಮೇಲೆ ಜಾಗ ಬಿಡಲಿ ಎಂದು ಕಾಯುತ್ತಿದ್ದೆ, ಅಷ್ಟೆ.

ಒಂದು ವರ್ಷ ಜಿಲ್ಲೆಯ ಪ್ರದರ್ಶನಕ್ಕೆ ಮಹಾಕೂಟದ ಇಡೀ ಆವರಣವನ್ನು ಮಾಡಿಕೊಡಬೇಕೆಂದು ಅಪ್ಪನಿಗೆ ಕರೆ ಬಂತು. ಹೊಂಡ, ಸುತ್ತಲಿನ ಗುಡಿಗಳು, ಮರಗಳು ಎಲ್ಲ ಒಂದು ಹಲಗೆಯ ಮೇಲೆ. ಅಷ್ಟು ಚಿಕ್ಕದಾಗಿ ಮಾಡಿದಾಗ ಮೆಟ್ಟಿಲು ಅಕ್ಕಿಕಾಳಿನಷ್ಟು ಎತ್ತರ. ಕುಂಚದ ಬಣ್ಣ ಅದರ ಮೂಲೆಗಳಲ್ಲಿ ತುಂಬಿಕೊಂಡು ಅಂಚು ಮಸುಕಾಗುತ್ತಿತ್ತು. ಗೋದತ್ತಿಯ ಕಣ್ಣಲ್ಲೂ ನೀರು ಸೋರುತ್ತಿತ್ತು, ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಗಾಳಿಯಿಂದ ಬಣ್ಣ ಹೊಡೆಯುವ ಸಾಮಾನು ಬಾಗಲಕೋಟೆಯ ಫೋಟೋ ಸ್ಟುಡಿಯೋದವರ ಹತ್ತಿರ ಇವೆ, ಎರಡು ತರಹದ್ದಿವೆ ಎಂದು ಅಪ್ಪ ತಿಳಿದುಕೊಂಡು ಬಂದ. ಒಂದು ಬಾಯಿಂದ ಊದುವುದು, ಇನ್ನೊಂದು ಪಂಪಿನದು. ಊಟಕ್ಕೆ ಕೂತಾಗ ಅದನ್ನೆಲ್ಲ ವಿವರಿಸಿದ. ಬಡಿಸುತ್ತಿದ್ದ ಗೋದತ್ತಿ ಕೈ ನಿಲ್ಲಿಸಿದಳು. ಏನನ್ನೂ ಬೇಡಿ ಅಭ್ಯಾಸವಿಲ್ಲದವಳು ಅಂದು ಬೇಡಿದಳು.

"ಬಾಯಿಲೆ ಊದೂದು ತಾ ತಮ್ಮಾ. ಅದು ನನ್ನೊಬ್ಬಾಕಿದ ಇರಲಿ. ನನ್ನ ಎಂಜಲಾ ನನಗ ಮೈಲಿಗಿ ಏನು? ಒಲಿ ಊದಿ ಊದಿ ಉಸಿರಂತೂ ಪಳಗೇದ."

"ಆಗ್ಲಿ ಅಕ್ಕಾ, ನೋಡಿ ತರ್ತೇನಿ," ಎಂದ ಅಪ್ಪ.

ನನ್ನನ್ನೂ ಕರೆದುಕೊಂಡು ಹೋದ. ರೈಲಿನಲ್ಲಿ ಬಾಗಲಕೋಟೆಗೆ ಹೋಗುವುದೇ ನನಗೆ ಹಬ್ಬ. ಸ್ಟುಡಿಯೋದ ಹುಸೇನಸಾಹೇಬರು ವಯಸ್ಸಾದವರು, ಬೆರಳ ತುದಿಗಳೆಲ್ಲ ಔಷಧಿಯಿಂದ ಕಂದಾಗಿದ್ದವು. ಫೋಟೋದ ಹಿನ್ನೆಲೆಗೆ ಬಣ್ಣ ತುಂಬಲು ಅವುಗಳನ್ನು ಇಟ್ಟುಕೊಂಡಿದ್ದರು. ಮೊದಲನೆಯದು ಎರಡು ಸಣ್ಣ ಕೊಳವೆಗಳನ್ನು ಮೂಲೆಯಾಗಿ ಜೋಡಿಸಿದ್ದು. ಒಂದರ ತುದಿ ಬಣ್ಣದಲ್ಲಿ, ಇನ್ನೊಂದರ ತುದಿ ಬಾಯಲ್ಲಿ. ಎರಡನೆಯದು ಪೆನ್ನಿನಂಥದು, ಬೆನ್ನ ಮೇಲೊಂದು ಬಟ್ಟಲು, ಹೊಟ್ಟೆಯಲ್ಲಿ ಸೂಜಿ. ಸೈಕಲ್ ಪಂಪಿನಿಂದ ಲಾರಿಯ ಟ್ಯೂಬಿಗೆ ಗಾಳಿ ತುಂಬಿ ಅದರಿಂದ ನಡೆಸಬೇಕು. ಅಪ್ಪ ತಂದಿದ್ದ ಪುಟ್ಟ ಮಂಟಪದ ಮೇಲೆ ಎರಡನ್ನೂ ಹೊಡೆದು ನೋಡಿದ. ಬಾಯಿಯದರಲ್ಲಿ ಬಣ್ಣ ಹನಿಹನಿಯಾಗಿ ಬಿತ್ತು, ಉಸಿರು ಮುಗಿಯುವಾಗ ಒಂದೆರಡು ದಪ್ಪ ಹನಿ. ಪಂಪಿನದು ಕನ್ನಡಿಗೆ ಹಾ ಎಂದು ಬಾಯ ಆವಿ ಬಿಟ್ಟ ಹಾಗೆ ಬಂದು ಕೂತಿತು. ಮೆಟ್ಟಿಲ ಅಂಚು ಒಂದೂ ಮುಚ್ಚಿಹೋಗಲಿಲ್ಲ. ಅಪ್ಪನ ಮುಖ ಅರಳಿತು. ಪಂಪು ಹೊಡೆಯುತ್ತಿದ್ದ ನನ್ನ ಮುಖವೂ ಅರಳಿರಬೇಕು, ಯಾಕೆಂದರೆ ಆ ಹಿಡಿಕೆಯನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

"ಎರಡೂ ಛಲೋನ ಅದಾವ್ರಿ ಮಾಸ್ತರ," ಎಂದರು ಸಾಹೇಬರು. "ಮನ್ಯಾಗ ಯಾರು ಹಿಡೀತಾರ, ಅವ್ರ ಕೈ ನೆನಸ್ಕೊಂಡು ಒಯ್ರಿ."

"ನಾನ ಹಿಡೀತೇನಲ್ರಿ," ಎಂದ ಅಪ್ಪ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಕೈಯಲ್ಲಿದ್ದ ಆ ಪೆನ್ನಿನ ಸೊಗಸಿನಲ್ಲಿ ಆ ಗಳಿಗೆ ಅವನಿಗೆ ಅಕ್ಕ ನೆನಪಿಗೇ ಬರಲಿಲ್ಲ. ನನಗೆ ಬಂದಳು. ಬಂದವಳನ್ನು ನಾನು ಅಲ್ಲೇ ಬಿಟ್ಟು ಪಂಪು ಹೊತ್ತುಕೊಂಡು ಮೆಟ್ಟಿಲಿಳಿದೆ.

ಮನೆಗೆ ಬಂದಾಗ ಗೋದತ್ತಿ ಬಾಗಿಲಲ್ಲೇ ಇದ್ದಳು. ಅಪ್ಪ ಎಲ್ಲವನ್ನೂ ಬಿಚ್ಚಿಟ್ಟು ಅದರ ಗುಣಗಳನ್ನು ಉತ್ಸಾಹದಿಂದ ಹೇಳಿದ. ಅವಳು ದೂರ ನಿಂತು ಕೇಳಿ, "ಪಂಪಿನಾಗ ತೊಗಲ ಇರ್ತದೇನೋ?" ಎಂದಳು. ಪಂಪಿನೊಳಗೆ ಗಾಳಿ ತಡೆಯುವ ತೊಗಲಿನ ಬಿಲ್ಲೆ ಇರುತ್ತದೆ. ಅಪ್ಪನಿಗೆ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮಡಿಯವರಿಗೆ ತೊಗಲು ನಡೆಯುವುದಿಲ್ಲ. "ಮುಟ್ಟಿದ ಮ್ಯಾಲ ಮತ್ತೊಮ್ಮಿ ಮೈ ತೊಳಕೊಂಡ್ರಾತು ಅಕ್ಕಾ," ಎಂದ. ಸಂಜೆಯ ಜಪಕ್ಕೆ ಮತ್ತೊಂದು ಸ್ನಾನವೆಂದರೆ ಮತ್ತೆರಡು ಕೊಡ ನೀರು, ಅದನ್ನು ಗುಡ್ಡದ ಬುಡದ ಕೆರೆಯಿಂದ ಹೊರುವವಳು ನಮ್ಮವ್ವ. ಅವ್ವ ಆಗ ಬಸುರಿ. ಗೋದತ್ತಿ ಅವ್ವನ ಕಡೆ ಒಮ್ಮೆ ನೋಡಿದಳು. "ಬ್ಯಾಡ ಬಿಡು. ಛಲೋದ ತಂದೀದಿ. ಇಂದೂ ಕಲೀಲಿ," ಎಂದು ಒಳಗೆ ಹೋಗಿ ಒಲೆಯ ಮುಂದೆ ಕೂತಳು.

ಇಂದೂ, ಎಂದರೆ ನಾನು, ಕಲಿತೆ. ಕಿಟಕಿಯ ಬಳಿ ಈಗ ನಾನು ಮತ್ತು ಅಪ್ಪ. ನಾನು ಟ್ಯೂಬಿಗೆ ಗಾಳಿ ತುಂಬುತ್ತಿದ್ದೆ, ಅಪ್ಪ ಹೊಡೆಯುತ್ತಿದ್ದ, ಆಮೇಲಾಮೇಲೆ ನನ್ನ ಕೈಗೂ ಕೊಟ್ಟ. ಮೊದಮೊದಲು ಗೋದತ್ತಿ ಕಲ್ಲು ಕುಟ್ಟಿ ಬಣ್ಣ ಅರೆದು ಕೊಡುತ್ತಿದ್ದಳು. ಎಷ್ಟು ಸೋಸಿದರೂ ಆ ಹುಡಿ ಸೂಜಿಯ ತೂತಿನಲ್ಲಿ ಕಟ್ಟಿಕೊಳ್ಳುತ್ತಿತ್ತು. "ಇದು ನಡಿಯೂದಿಲ್ಲ ಅಕ್ಕಾ," ಎಂದು ಅಪ್ಪ ಮುಂಬಯಿಯಿಂದ ಬಾಟಲಿಯ ಬಣ್ಣ ತರಿಸಿದ. ಕಲಬತ್ತು ಅಡಿಗೆಮನೆಗೆ ಹೋಗಿ ಅದರಲ್ಲಿ ಯಾಲಕ್ಕಿ ಕುಟ್ಟತೊಡಗಿದರು. ಯಾರೂ ಅವಳನ್ನು ಏಳು ಅನ್ನಲಿಲ್ಲ, ದೂರ ಸರಿ ಅನ್ನಲಿಲ್ಲ. ಆ ಮನೆಯಲ್ಲಿ ಅವಳ ಮೇಲೆ ಒಂದು ಒರಟು ಮಾತು ಬಿದ್ದದ್ದನ್ನು ನಾನು ಕೇಳಿಲ್ಲ. ಅದಕ್ಕೇ ಏನೋ, ನಮ್ಮಿಂದೇನು ತಪ್ಪಾಗಿದೆ ಎಂದು ತಿಳಿಯಲು ನಮಗೆ ಅಷ್ಟು ದಿನ ಹಿಡಿಯಿತು. ಪ್ರದರ್ಶನದಲ್ಲಿ ಆ ಮಹಾಕೂಟವನ್ನು ನೋಡಲು ಜನ ಮುತ್ತಿದರು. ನಿಜ ಹೇಳಬೇಕೆಂದರೆ ಅದು ಬಹಳ ಚಂದ ಬಂದಿತ್ತು. ಕೆಟ್ಟು ಬಂದಿದ್ದರೆ ಎಷ್ಟು ಹಗುರಾಗಿರುತ್ತಿತ್ತು.

ಮುಂದಿನ ವರ್ಷ ಹುನಗುಂದದಿಂದ ಕಾಕಾ ಬಂದ. ಅಪ್ಪನ ತಮ್ಮ. ಅವನ ಹೆಂಡತಿಯ ಬಾಣಂತನಕ್ಕೆ ಯಾರೂ ಇರಲಿಲ್ಲ. ಅವ್ವನ ಬಾಣಂತನ ಆಗಲೇ ಮುಗಿದಿತ್ತು. "ನಾ ಬರ್ತೇನಿ ನಡಿ," ಎಂದು ಗೋದತ್ತಿ ತಾನೇ ಗಂಟು ಕಟ್ಟಿದಳು. ಹೊಸ್ತಿಲ ಬಳಿ ನಿಂತು ಅಪ್ಪನಿಗೆ, "ಇಲ್ಲೆ ಈಗ ನನಗೇನು ಅಂಥಾ ಕೆಲಸ ಅದ?" ಎಂದಳು. ಅದು ಪ್ರಶ್ನೆಯಾಗಿತ್ತು. ಅಪ್ಪ ಗಂಟು ಎತ್ತಿಕೊಂಡ. ಅವ್ವ ಕೂಸಿಗೆ ಹಾಲೂಡಿಸುತ್ತಿದ್ದಳು. ನಾನು ಗೋದತ್ತಿಯ ಕಾಲಿಗೆರಗಿ, ಬೇಗ ಬಾ ಎಂದೆ. ಅದ ಅತ್ತೀ, ಕೆಲಸ ಅದ ಎಂದು ಯಾರೊಬ್ಬರಾದರೂ ಅಂದಿದ್ದರೆ ಅವಳು ಗಂಟು ಬಿಚ್ಚುತ್ತಿದ್ದಳೋ ಏನೋ. ಬಾಣಂತನ ಮುಗಿದರೂ ಅವಳು ಮರಳಲಿಲ್ಲ. ಅಲ್ಲಿ ಮಕ್ಕಳು ಹೆಚ್ಚಿದವು, ಒಲೆ ದೊಡ್ಡದಾಯಿತು.

ಅಪ್ಪನಿಗೆ ಅದು ಯಾವಾಗ ಚುಚ್ಚಲು ಶುರುವಾಯಿತೋ ಗೊತ್ತಿಲ್ಲ. ಒಂದು ದೀಪಾವಳಿಗೆ ಮುಂಚೆ ಬಾಗಲಕೋಟೆಗೆ ಒಬ್ಬನೇ ಹೋಗಿಬಂದ. ಮರುದಿನ ನನ್ನನ್ನು ಕರೆದುಕೊಂಡು ಹುನಗುಂದದ ಬಸ್ಸು ಹತ್ತಿದ. ಅಂಗಿಯ ಕಿಸೆಯಲ್ಲಿ ಆ ಎರಡು ಕೊಳವೆಗಳಿದ್ದವು. ಗೋದತ್ತಿ ಸೊರಗಿಹೋಗಿದ್ದಳು, ಕೆಂಪು ಸೀರೆಯೊಳಗೆ ಮೈಯೇ ಇಲ್ಲದ ಹಾಗೆ. ಕೊಳವೆಗಳನ್ನು ನೋಡಿ ನಕ್ಕಳು. ತೊಳೆದು, ಅರಿಷಿಣದ ನೀರಿನಲ್ಲಿ ಅದ್ದಿ, ಬಾಯಿಗಿಟ್ಟು ಊದಿದಳು. ಮಂಜು ಏಳಲಿಲ್ಲ. ಎರಡು ಹನಿ ಅವಳ ಮಡಿಲಿಗೇ ಬಿದ್ದವು. ಮತ್ತೆ ಊದಲು ಹೋಗಿ ಕೆಮ್ಮು ಬಂದು ಗೋಡೆ ಹಿಡಿದಳು.

"ದಮ್ಮು ಹತ್ತೇದೋ ತಮ್ಮಾ. ಉಸಿರು ಸಾಲವಲ್ದು."

"ತಡಾ ಮಾಡಿದೆ ಅಕ್ಕಾ," ಎಂದ ಅಪ್ಪ. ಅವನ ಮುಖ ನೋಡಲಾರದೆ ನಾನು ಕೆಳಗೆ ನೋಡಿದೆ.

"ಇರಲಿ ಬಿಡು. ಹುಡುಗೂರು ಅದಾವಲ್ಲ, ಊದ್ತಾವ. ಇಟ್ಟು ಹೋಗು," ಎಂದಳು, ನಾವೇ ಸಮಾಧಾನ ಬೇಕಾದವರು ಎಂಬಂತೆ.

ತಿರುಗಿ ಬರುವಾಗ ಅಮೀನಗಡದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಅಪ್ಪ ಒಂದು ಸಲ, "ಅವತ್ತ ತಂದಿದ್ರ..." ಎಂದ. ಪಂಪು ಹೊಡೆದವಳು ನಾನು, ಅಪ್ಪಾ ಎನ್ನಬೇಕೆನ್ನಿಸಿತು.

ಗೋದತ್ತಿ ಹೋದದ್ದು ಮರುವರ್ಷದ ಬೇಸಿಗೆಯಲ್ಲಿ. ಸುದ್ದಿ ತಲುಪಿ ಅಪ್ಪ ಹೊರಡುವಷ್ಟರಲ್ಲಿ ದಹನ ಮುಗಿದಿತ್ತು. ಹದಿಮೂರನೆಯ ದಿನದ ಮುಂಜಾನೆ ನಾವೆಲ್ಲ ಹುನಗುಂದದಲ್ಲಿದ್ದೆವು. ಮಂದಿ ಬರುತ್ತಾರೆಂದು ಕಾಕಾ ಆಗಷ್ಟೇ ಹಿತ್ತಲ ಗೋಡೆಗೆ ಸುಣ್ಣ ಬಳಿಸಿದ್ದ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಅಪ್ಪ ಅಲ್ಲೇ ನಿಂತುಬಿಟ್ಟ. ಹಸಿ ಸುಣ್ಣ ತಿಳಿನೀರಿನ ಹಾಗಿರುತ್ತದಲ್ಲ, ಅದರ ಕೆಳಗಿನಿಂದ ಗೋಡೆಯ ಉದ್ದಕ್ಕೂ ಒಂದು ಕೆಂಪು ಕಾಣುತ್ತಿತ್ತು. ಹನಿಹನಿಯಾಗಿ ಕೂತ ಕೆಂಪು. ಕಡಿದಾದ ಅಂಚು, ನಡುವೆ ಸೀಳು, ಕೆಳಗೆ ತೆಳ್ಳನೆಯ ನೀರಿನಂಥದ್ದು.

"ಇದೇನೋ?" ಎಂದ ಅಪ್ಪ, ಕಾಕಾನ ಹಿರಿಮಗನಿಗೆ.

"ಗೋದತ್ತಿ ಕಲ್ಲು ಅರದು ಕೊಡ್ತಿದ್ಲು. ಎಲ್ಲೆಲ್ಲೆ ಅಂತ ಬಟ್ಟು ಮಾಡಿ ತೋರಸ್ತಿದ್ಲು, ನಾವು ಊದ್ತಿದ್ವಿ. ಬಾದಾಮಿ ಗುಡ್ಡ ಅಂತ ಇದು."

ಕಾಕಾ ಒಳಗಿನಿಂದ, ಹುಡುಗರು ಗೋಡೆ ಹೊಲಸು ಮಾಡಿಟ್ಟಿದ್ದರು ಎಂದು ಏನೋ ಹೇಳುತ್ತಿದ್ದ. ಅಪ್ಪ ನೀರಿನ ತಂಬಿಗೆ ಕೆಳಗಿಟ್ಟು ನೆಲದ ಮೇಲೆ ಕೂತ. ನಾನೂ ಹೋಗಿ ಕೂತೆ. ಬೇಸಿಗೆಯ ಬಿಸಿಲು ಹಿತ್ತಲಿಗೆ ಬಂತು. ಮೇಲಿನಿಂದ ಸುಣ್ಣ ಆರಿ ಬಿಳುಪೇರತೊಡಗಿತು. ಮೊದಲು ಗುಡ್ಡದ ತುದಿ ಹೋಯಿತು, ಆಮೇಲೆ ಸೀಳು, ಆಮೇಲೆ ಕೆರೆ. ಅವ್ವ ಬಂದು ಎಲೆ ಹಾಕಿದೆ ಎಂದು ಕರೆಯುವ ಹೊತ್ತಿಗೆ ಗೋಡೆ ಪೂರಾ ಬೆಳ್ಳಗಾಗಿತ್ತು.