ಊರು ಕೆಡವುವ ಮಾತು

ದೆಹಲಿಯ ಮಯೂರ್ ವಿಹಾರದ ಗ್ರೇಸಮ್ಮನವರ ಮನೆಗೆ ನಾನು ಭಾನುವಾರದ ಸಂಜೆ ಹೋಗುತ್ತಿದ್ದುದು ಭಕ್ತಿಯಿಂದಲ್ಲ. ಅವರ ಫಿಲ್ಟರ್ ಕಾಫಿಗೆ, ಮತ್ತು ವಾರವಿಡೀ ಕಚೇರಿಯ ಹಿಂದಿಯಲ್ಲಿ ಸವೆದ ಕಿವಿಗೆ ಒಂದಿಷ್ಟು ಕನ್ನಡ ಬೀಳಲೆಂದು. ನರ್ಸ್ ಕೆಲಸದಿಂದ ನಿವೃತ್ತರಾದ ಆಕೆ ನಾಲ್ಕಾರು ಕನ್ನಡ ಕ್ರೈಸ್ತರನ್ನು ಕೂಡಿಸಿ ಬೈಬಲ್ಲಿನ ಹೀಬ್ರೂ ಪ್ರವಾದಿಗಳ ವಾಣಿಯನ್ನು ಓದಿಸುತ್ತಿದ್ದರು. ಹಿಂದೂ ಆದ ನನಗೂ ಅಲ್ಲೊಂದು ಕುರ್ಚಿಯಿತ್ತು.

ಓದುಗ ಮಿತ್ರರೇ, ಆ ಪ್ರವಾದಿಗಳು ಸೌಮ್ಯರಲ್ಲ. ಬಡವರ ನೆಲ ನುಂಗುವ ಅರಸರನ್ನು ಎದುರಿಗೇ ನಿಂತು ಗದರುತ್ತಾರೆ. ಅದು ನನಗೆ ಹಿಡಿಸಿತ್ತು. ಆದರೆ ಅದೇ ಬಾಯಲ್ಲಿ, ದೇವರ ಕೋಪಕ್ಕೆ ಊರಿಗೆ ಊರೇ ಉರುಳುವುದನ್ನೂ ಸಾರುತ್ತಾರೆ, ಏನೂ ಅರಿಯದ ಹಸುಗೂಸುಗಳ ಸಮೇತ.

ಆ ಬೇಸಿಗೆಯಲ್ಲೊಂದು ಶನಿವಾರ ದೊಡ್ಡ ಮೋರಿಯಾಚೆಯ ಜೋಪಡಿಗಳನ್ನು ಬುಲ್ಡೋಜರ್ ನೆಲಸಮ ಮಾಡಿತು. ಮರುದಿನದ ಓದಿನಲ್ಲಿ, ನಮ್ಮ ಗುಂಪಿನ, ಸಾಫ್ಟ್‌ವೇರ್ ಕಂಪನಿಯ ರೀನಾಳ ಪಾಲಿಗೆ ಬಂದದ್ದು ನಗರವೊಂದರ ಧ್ವಂಸದ ಭಾಗ. ಎರಡು ಸಾಲು ಓದಿ ನಿಲ್ಲಿಸಿದಳು.

"ಆಂಟಿ, ಇದನ್ನ ನಾನು ಓದಲ್ಲ. ನಿನ್ನೆ ಬಾಲ್ಕನಿಯಿಂದ ಇದನ್ನೇ ನೋಡಿದೀನಿ. ನಮ್ಮ ಅಡುಗೆಯ ಶಾಂತಿ ಮಣ್ಣಲ್ಲಿ ಪಾತ್ರೆ ಹುಡುಕ್ತಾ ಇದ್ಲು. ಕೆಡವೋನು ದೇವರಾದ್ರೆ ಅದು ಸರಿಯಾಗ್ಬಿಡತ್ತಾ?"

ಗ್ರೇಸಮ್ಮ ಸಮರ್ಥನೆಗೆ ಇಳಿಯಲಿಲ್ಲ. "ಸರಿ ಅಂತ ನಾನೂ ಹೇಳಲಾರೆ ಕಣಮ್ಮ. ಇದನ್ನ ಹೀಗೆ ನೆನಪಿಟ್ಟು ಬರೆದಿದ್ದು ಮನೆ ಕಳ್ಕೊಂಡೋರೇ. ಯಾಕಾಯ್ತು ಅಂತ ತಿಳೀದೆ, ನಮ್ಮದೇ ತಪ್ಪು ಅಂದ್ಕೊಂಡ್ರೋ ಏನೋ. ದೇವರ ಹತ್ರಾನೇ ಜಗಳಕ್ಕೆ ನಿಂತ ಪ್ರವಾದಿಗಳೂ ಇದ್ರು." ಪುಸ್ತಕ ಮುಚ್ಚಿ ಕೇಳಿದರು, "ಶಾಂತಿ ಈಗೆಲ್ಲಿ?"

"ಫ್ಲೈಓವರ್ ಕೆಳಗೆ. ಅತ್ತೆ, ಮಕ್ಕಳು ಎಲ್ಲಾ."

"ಚಲೋ, ಏಳಿ."

ಕತ್ತಲಾಗುವ ಮೊದಲೇ ಶಾಂತಿಯ ಸಂಸಾರ ಗ್ರೇಸಮ್ಮನವರ ಹಜಾರದಲ್ಲಿತ್ತು. ಬೆಳಿಗ್ಗೆ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ ಬಾಗಿಲು ಬಡಿದ. "ಮೇಡಂ, ಇದು ಧರ್ಮಶಾಲೆಯಲ್ಲ."

"ಅಚ್ಛಾ? ಮನೆ ತಾನೇ? ಮನೆಗೆ ನೆಂಟರು ಬಂದಿದ್ದಾರೆ."

ಆತ ಫ್ಲಾಟಿನ ಮಾಲೀಕನಿಗೆ ದೂರು ಕೊಟ್ಟ. ಗ್ರೇಸಮ್ಮ ಬಾಡಿಗೆದಾರರು, ಜಾಗ ಖಾಲಿ ಮಾಡಬೇಕಾಯಿತು. ಅಷ್ಟರಲ್ಲಿ ಶಾಂತಿಗೆ ಸರ್ಕಾರದ ಪುನರ್ವಸತಿಯಲ್ಲಿ ನಗರದ ಅಂಚಿನಲ್ಲಿ ತುಂಡು ನೆಲ ಸಿಕ್ಕಿತ್ತು, ಹಳೆಯ ಕೆಲಸಗಳಿಗೆ ಬಂದುಹೋಗಲಾಗದಷ್ಟು ದೂರ.

ಗ್ರೇಸಮ್ಮನವರ ಸಾಮಾನು ಹೊತ್ತು ಪೀತಮ್‌ಪುರದ ಹೊಸ ಬಾಡಿಗೆ ಮನೆಗೆ ಹೊರಟ ಟೆಂಪೋ ಬಳಿ ನಾವೆಲ್ಲ ನಿಂತಿದ್ದಾಗ ಕಾರ್ಯದರ್ಶಿಯ ಮುದಿ ತಾಯಿ ಪರಾಠದ ಡಬ್ಬಿ ಹಿಡಿದು ಇಳಿದುಬಂದರು. ದೇಶವಿಭಜನೆಯ ಕಾಲದಲ್ಲಿ ಲಾಹೋರಿನಿಂದ ಬರಿಗೈಯಲ್ಲಿ ಬಂದವರಂತೆ. ಎಲ್ಲರೆದುರು, ಗೇಟಿನಲ್ಲಿ ನಿಂತಿದ್ದ ಮಗನತ್ತ ತಿರುಗಿ, "ನಿನ್ನನ್ನು ಹೆತ್ತದ್ದು ಯಾರದೋ ವರಾಂಡದಲ್ಲಿ, ತಿಳಿದಿದೆಯಾ? ಅವರೂ ನಮ್ಮನ್ನು ಏಳಿಸಿದ್ದರೆ?" ಎಂದು ಗದರಿದರು.

ತೀರ್ಮಾನವೇನೂ ಬದಲಾಗಲಿಲ್ಲ. ಟೆಂಪೋ ಹೊರಟಿತು. ಮುದುಕಿ ಮಾತ್ರ ಮನೆಗೆ ಮರಳದೆ, ಬಿಸಿಲಲ್ಲಿ ಗೇಟಿನ ಮೆಟ್ಟಿಲ ಮೇಲೆ ಕೂತರು. ಮಗ ಬಂದು ಕೈಹಿಡಿದು ಕರೆದರೂ ಏಳಲಿಲ್ಲ.