ಒಂದೂ ಪರೀಕ್ಷೆ ಬರೆಯದ ನಮ್ಮ ವಾಸುಕಾಕಾ

ಇಲ್ಲ... ನಾನು ಒಪ್ಪುವುದಿಲ್ಲ.
ನಿನ್ನೆ ಸಂಜೆಯಷ್ಟೇ ಫೋನ್ ಮಾಡಿದ್ದರು.

"ಶ್ರುತಿ, ಖರೇ ಹೇಳು. ನಿಮ್ಮನ್ಯಾಗ ಹಸೀ ಕಸಾ, ಒಣಾ ಕಸಾ ಬ್ಯಾರೆ ಬ್ಯಾರೆ ಇಡ್ತೀರೇನು?"
"ಇಡ್ತೀವಿ ಕಾಕಾ. ಕೆಳಗೆ ಗಾಡಿಯವನು ಎರಡನ್ನೂ ಒಟ್ಟಿಗೇ ಸುರ್ಕೋತಾನೆ."
"ಹಾಂ! ಇದಽ ಬೇಕಾಗಿತ್ತು ನನಗ. ಇದನ್ನಽ ಬರೀತೀನಿ ನೋಡು."

ಹಾಗಂದು ನಕ್ಕ ಆ ನಗು ಇನ್ನೂ ಕಿವಿಯಲ್ಲಿದೆ...
ಇವತ್ತು ಬೆಳಿಗ್ಗೆ ಪುಣೆಯ ನಿಗಡಿಯ ಮನೆಯಲ್ಲಿ ಚಹಾ ಕುಡಿದು ಪೇಪರ್ ಹಿಡಿದು ಕೂತವರು, ಕೂತಲ್ಲೇ ಹೋಗಿಬಿಟ್ಟರು.
ನರಳಲಿಲ್ಲ. ಯಾರ ಕೈಲೂ ಸೇವೆ ಮಾಡಿಸಿಕೊಳ್ಳಲಿಲ್ಲ.

ಅವರನ್ನು ನೋಡಿಲ್ಲದ ಗೆಳೆಯರಿಗೆ ಹೇಳುತ್ತೇನೆ.
ವಾಸುಕಾಕಾ ಧಾರವಾಡದವರು. ಖರಾಡಿಯ ನಮ್ಮ ಆಫೀಸಿನ ಅಕೌಂಟ್ಸ್‌ನಲ್ಲಿದ್ದು ರಿಟೈರ್ ಆದವರು.
ದೂರಶಿಕ್ಷಣದಲ್ಲಿ ಒಂದಾದ ಮೇಲೊಂದು ಕೋರ್ಸಿಗೆ ಸೇರುವುದು ಅವರ ಹುಚ್ಚು. ಇತಿಹಾಸ, ಗ್ರಾಮೀಣಾಭಿವೃದ್ಧಿ, ಆಹಾರ ಮತ್ತು ಪೋಷಣೆ, ಕಾನೂನು... ಈಗ ಪರಿಸರ.
ಎಲ್ಲದರ ಅಸೈನ್‌ಮೆಂಟ್‌ಗಳನ್ನೂ ದುಂಡಗೆ ಬರೆದು, ಲಾಸ್ಟ್ ಡೇಟಿಗೆ ಮೊದಲೇ ಸ್ಟಡಿ ಸೆಂಟರಿಗೆ ಕೊಟ್ಟು ಬರುತ್ತಿದ್ದರು.
ಪರೀಕ್ಷೆ ಮಾತ್ರ ಒಂದೂ ಬರೆಯಲಿಲ್ಲ.
ಹೌದ್ರಪ್ಪಾ, ಸರಿಯಾಗೇ ಓದಿದಿರಿ. ಒಂದೂ ಇಲ್ಲ!

"ಅಸೈನ್‌ಮೆಂಟ್ ಮಾಡಿದ್ಮ್ಯಾಲ ಕಲತಂಗ ಆತಲ್ಲ? ಮತ್ತ ಪರೀಕ್ಷಾ ಯಾಕ?"
ಇದು ಅವರ ವಾದ. ಇದಕ್ಕೆ ಉತ್ತರ ಕೊಡಲು ಹೋಗಿ ನಾನು ಎಷ್ಟು ಸಲ ಸೋತಿದ್ದೇನೋ.

ನಾನು ಮೈಸೂರಿನಿಂದ ಪುಣೆಗೆ ಬಂದ ಹೊಸತು. ಮರಾಠಿ ಬಾರದು, ಅಡುಗೆ ಮೊದಲೇ ಬಾರದು.
ಕ್ಯಾಂಟೀನಿನಲ್ಲಿ ವಾಸುಕಾಕಾ ಎದುರು ಕೂತು, "ನೀವು ಕನ್ನಡದವರಲ್ಲಾ? ಹೋದ ವಾರ ಏನೇನ್ ಉಂಡ್ರಿ, ಹೇಳ್ರಿ" ಅಂದರು.
ಇದೇನಪ್ಪಾ ಗ್ರಹಚಾರ ಅಂದುಕೊಂಡೆ. ಮನೆ ಬಿಟ್ಟು ದೂರ ಇರುವ ಹುಡುಗ ಹುಡುಗಿಯರ ಊಟದ ಬಗ್ಗೆ ಅಸೈನ್‌ಮೆಂಟ್ ಅಂತೆ.
ನೂಡಲ್ಸ್, ಬ್ರೆಡ್ಡು, ಮತ್ತೆ ನೂಡಲ್ಸ್...
ಅದನ್ನು ಅವರು ಮನೆಯಲ್ಲಿ ಓದಿ ಹೇಳಿದ್ದಾರೆ. ಮರುದಿನದಿಂದ ಅವರ ಹೆಂಡತಿ ಸುಮಿತ್ರಾಕಾಕು ನನಗೂ ಒಂದು ಡಬ್ಬಿ ಕಟ್ಟಿದರು. ಜೋಳದ ಭಕ್ರಿ, ಮೆಂತ್ಯದ ಪಲ್ಯ, ಶೇಂಗಾ ಚಟ್ನಿ.
ಕೋರ್ಸು ಮುಗಿದರೂ ಡಬ್ಬಿ ನಿಲ್ಲಲಿಲ್ಲ. ನಾನು ಅವರ ಮನೆಯವಳೇ ಆಗಿಹೋದೆ.

ಕಾಕುಗೆ ಇದ್ದದ್ದು ಒಂದೇ ಆಸೆ.
ಗಂಡ ಕಪ್ಪು ಗೌನು ಹಾಕಿ, ತಲೆ ಮೇಲೆ ಆ ಚೌಕದ ಟೋಪಿ ಇಟ್ಟು ನಿಂತ ಒಂದು ಫೋಟೋ ಹಾಲ್‌ನಲ್ಲಿ ತೂಗಬೇಕು.
"ಬಂದವರೆಲ್ಲಾ ಕೇಳ್ತಾರ, ಏನ್ ಪಾಸಾದ್ರು ಅಂತ. ಏನ್ ಹೇಳ್ಲಿ? ಕಸಾ ಎಣಸಲಿಕ್ಕೆ ಹೋಗ್ಯಾರ ಅಂತ ಹೇಳ್ಲೇನು?"
ತಮಾಷೆಯಾಗಿ ಅನ್ನುತ್ತಿದ್ದರು. ಆದರೆ ಒಳಗೆ ನಿಜಕ್ಕೂ ನೋವಿತ್ತು.

ಕಾಕಾ... ಹೋದ ವರ್ಷ ನೆನಪಿದೆಯಾ ನಿಮಗೆ?
ಕಾಕು ಕಾಟ ತಡೆಯಲಾರದೆ ಕಡೆಗೂ ಪರೀಕ್ಷೆಗೆ ಫಾರ್ಮ್ ತುಂಬಿದಿರಿ. ನಾನೇ ಸ್ಕೂಟಿಯಲ್ಲಿ ಸೆಂಟರಿಗೆ ಬಿಟ್ಟೆ. ಕಾಕು ಕೈಗೆ ಮೊಸರು ಸಕ್ಕರೆ ಹಾಕಿ ಕಳಿಸಿದ್ದರು, ಸಣ್ಣ ಮಗುವನ್ನು ಕಳಿಸಿದ ಹಾಗೆ.
ನಾನಿನ್ನೂ ಗಾಡಿ ತಿರುಗಿಸಿ ಚಹಾ ಕುಡಿಯುತ್ತಿದ್ದೇನೆ... ನೀವು ಹೊರಗೆ ಬಂದು ವಡಾಪಾವ್ ತಿನ್ನುತ್ತ ನಿಂತಿದ್ದೀರಿ!
"ಕಾಕಾ! ಪೇಪರ್ ಕಷ್ಟ ಇತ್ತಾ?"
"ಛೇ, ಎಲ್ಲಾ ಗೊತ್ತಿದ್ದಽ ಇತ್ತು. ಆದ್ರ ಎದ್ದು ಹೋಗಿ ನೋಡೂ ಹಂಗಿಲ್ಲ, ಬಾಜೂದವರನ್ನ ಕೇಳೂ ಹಂಗಿಲ್ಲ. ಭಾಳ ಬ್ಯಾಸರ ಆತು ಶ್ರುತಿ."
ನನಗೆ ಸಿಟ್ಟು ಬರಬೇಕಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕೆ.
ಕಾಕು ನಗಲಿಲ್ಲ. ಆ ವಾರವೆಲ್ಲ ನಿಮ್ಮ ಹತ್ತಿರ ಮಾತು ಬಿಟ್ಟರು. ಊಟಕ್ಕೆ ಕರೆಯುವುದೂ ಪಾತ್ರೆಯ ಸದ್ದಿನಲ್ಲೇ.

ಆದರೆ ಕಾಕಾ, ನಿಮ್ಮಷ್ಟು ಖುಷಿಯಾಗಿ ಓದಿದವರನ್ನು ನಾನು ಕಂಡಿಲ್ಲ.
ಗ್ರಾಮೀಣಾಭಿವೃದ್ಧಿ ಓದುವಾಗ ಭೋರ್ ಸಂತೆಗೆ ಹೋಗಿ, ಸೊಪ್ಪು ಮಾರುವ ಹೆಂಗಸರ ಹತ್ತಿರ "ಮಾವಶಿ, ತುಮಚಂ ಗಾವ್ ಕುಠಲಂ?" ಯಾವೂರು ನಿಮ್ದು ಅಂತ ಶುರು ಮಾಡಿ, ಅವರ ಊರು, ಹೊಲ, ಸೊಸೆ ಎಲ್ಲ ಕೇಳಿಕೊಂಡು ಬಂದಿರಿ. ಚೀಲದ ತುಂಬ ಸೊಪ್ಪು ಬೇರೆ.
ಕಾನೂನು ಓದುವಾಗ ನಿಮ್ಮನ್ನು ಕಂಡರೆ ಅಪಾರ್ಟ್‌ಮೆಂಟ್ ಸೊಸೈಟಿಯ ಚೇರ್‌ಮನ್, ಎಲ್ಲಿ ಕಾಯ್ದೆ ಕೇಳ್ತೀರೋ ಅಂತ ಹೆದರಿ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು.
ಹೊಟ್ಟೆಕಿಚ್ಚು ಪಡುವಂಥ ಬಾಳು ಬಾಳಿದಿರಿ. ಅಳು ಬರುತ್ತಿದೆ, ಆದರೆ ಅಯ್ಯೋ ಪಾಪ ಅನ್ನಲು ಬಾಯಿ ಬರುತ್ತಿಲ್ಲ.

ಇವತ್ತು ಮಧ್ಯಾಹ್ನ...
ನಿಮ್ಮ ಮಗಳು ಬೆಳಗಾವಿಯಿಂದ ಬರುವುದನ್ನು ಕಾಯುತ್ತ ಕೂತಿದ್ದೆವು. ಕಾಕು ಅತ್ತೂ ಅತ್ತೂ ದಣಿದಿದ್ದರು.
ಟೇಬಲ್ ಮೇಲೆ ಅರ್ಧ ಬರೆದ ಪರಿಸರದ ಅಸೈನ್‌ಮೆಂಟ್ ಹಾಗೇ ಇತ್ತು. ಅದನ್ನೇ ನೋಡುತ್ತ ಕೂತಿದ್ದವರು ನನ್ನ ಕೈ ಹಿಡಿದರು.
"ಶ್ರುತಿ, ಇದಕ್ಕ ಅಡ್ಮಿಷನ್ ಯಾವಾಗ ಚಾಲೂ ಆಗ್ತದ?"
"ಯಾರಿಗೆ ಕಾಕು?"
"ನನಗ. ಮ್ಯಾಟ್ರಿಕ್ ಪಾಸಾಗೇನಿ. ಅಷ್ಟರಾಗ ಲಗ್ನಾ ಮಾಡಿಬಿಟ್ರು. ಇಷ್ಟು ವರ್ಷ ಇವರು ಬರದದ್ದೆಲ್ಲಾ ಓದಿ ಹೇಳ್ಯಾರ, ಬ್ಯಾಡಂದ್ರೂ ಬಿಟ್ಟಿಲ್ಲ. ಎಲ್ಲಾ ತಲ್ಯಾಗ ಅದ."
ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. ದನಿಯಲ್ಲಿ ಆ ಹಳೆಯ ಸಿಟ್ಟು.
"ಅಸೈನ್‌ಮೆಂಟ್ ಅಷ್ಟಽ ಅಲ್ಲ. ಪರೀಕ್ಷಾಕ್ಕೂ ಕೂಡತೀನಿ. ಫೋಟೋಕ್ಕ ನಾನಽ ನಿಂದರತೀನಿ."

ಸಂಜೆ ಎಲ್ಲ ಮುಗಿಯಿತು.
ಹೋಗಿಬನ್ನಿ ಕಾಕಾ...
ನಿಮ್ಮ ಜೀವ ತಣ್ಣಗಿರಲಿ. ಅಲ್ಲೂ ಕೇಳಲು, ಮಾತಾಡಿಸಲು ತುಂಬ ಜನ ಸಿಗಲಿ.
ಕಾಕುವನ್ನು ಸೆಂಟರಿಗೆ ನಾನು ಬಿಟ್ಟುಬರುತ್ತೇನೆ.
🙏